ಯಾವ ಪ್ರಿಂಟರ್ ಕೊಳ್ಳಬೇಕು? ರೇಖಾತ್ಮಕ ಸಮೀಕರಣಗಳ ಒಂದು ಪಾಠ

ತರಗತಿ: 10   ವಿಷಯ: ಗಣಿತ   ಅವಧಿ: 40 ನಿಮಿಷ
ಘಟಕ: ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ

ಉದ್ದೇಶ

ಈ ಘಟಕದ ಲೆಕ್ಕಗಳು ಹೆಚ್ಚಾಗಿ ವಯಸ್ಸು, ದೋಣಿಯ ವೇಗ, ಪೆನ್ಸಿಲ್ಲಿನ ಬೆಲೆಗಳ ಮೇಲೆ ಇರುತ್ತವೆ. ನಾನು ಪ್ರಿಂಟರ್ ಆಯ್ಕೆಯನ್ನು ತೆಗೆದುಕೊಂಡೆ. ಪಹಣಿ, ಆಧಾರ್, ಹಾಲ್ ಟಿಕೆಟ್ ಪ್ರಿಂಟ್ ತೆಗೆಸದ ಮನೆ ನಮ್ಮ ಭಾಗದಲ್ಲಿ ಇಲ್ಲ. ಪ್ರಿಂಟರಿಗೆ ಎರಡು ಖರ್ಚು: ಕೊಳ್ಳುವಾಗ ಒಮ್ಮೆ, ಆಮೇಲೆ ಪ್ರತಿ ಪುಟಕ್ಕೂ. ಸರಳರೇಖೆಯ ಸಮೀಕರಣದ ರೂಪವೂ ಇದೇ.

ಪೂರ್ವಸಿದ್ಧತೆ

ನಮ್ಮ ತಂಡದ ನಾಲ್ವರು ಪ್ರಶಿಕ್ಷಣಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಕಂಡದ್ದನ್ನು ಬರೆದು ತಂದೆವು. ಬೈಲಹೊಂಗಲದ ಹತ್ತಿ ದಲಾಲಿ ಅಂಗಡಿಯಲ್ಲಿ ಡಾಟ್ ಮ್ಯಾಟ್ರಿಕ್ಸ್ ಇತ್ತು. ಅದರ ಸೂಜಿಗಳು ಕಾಗದಕ್ಕೆ ಬಡಿಯುವುದರಿಂದ ಕಾರ್ಬನ್ ಪ್ರತಿಗಳೂ ಒಮ್ಮೆಗೇ ಮೂಡುತ್ತವೆ. ಕಿತ್ತೂರಿನ ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಇತ್ತು. ಸವದತ್ತಿಯಲ್ಲಿ ಯಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರ ಫೋಟೊ ತೆಗೆಯುವವರಲ್ಲಿ ಬಣ್ಣದ ಇಂಕ್‌ಜೆಟ್ ಇತ್ತು. ರಾಮದುರ್ಗದ ಒಂದು ಮನೆಯಲ್ಲಿದ್ದ ಕಾರ್ಟ್ರಿಜ್ ಪ್ರಿಂಟರ್ ತಿಂಗಳುಗಟ್ಟಲೆ ಬಳಸದೆ ಮಸಿ ಒಣಗಿ ಕುಳಿತಿತ್ತು.

ಬೋಧನೆ

ಪಾಠಕ್ಕಾಗಿ ದುಂಡು ಅಂಕಿಗಳನ್ನು ಇಟ್ಟುಕೊಂಡೆ. ಪುಟಗಳ ಸಂಖ್ಯೆ ‘ಪು’, ಒಟ್ಟು ವೆಚ್ಚ ‘ವೆ’. ಕಾಗದದ ಖರ್ಚು ಮೂರಕ್ಕೂ ಒಂದೇ ಆದ್ದರಿಂದ ಬಿಟ್ಟೆವು.

ಕಾರ್ಟ್ರಿಜ್: ವೆ = 4,000 + 4ಪು
ಲೇಸರ್: ವೆ = 12,000 + 1.50ಪು
ಇಂಕ್ ಟ್ಯಾಂಕ್: ವೆ = 13,000 + 0.40ಪು

ಮೊದಲ ಮತ್ತು ಮೂರನೆಯ ಸಮೀಕರಣಗಳನ್ನು ವಿದ್ಯಾರ್ಥಿಗಳು ಆದೇಶ ವಿಧಾನದಿಂದ ಬಿಡಿಸಿದರು. 3.60ಪು = 9,000, ಆದ್ದರಿಂದ ಪು = 2,500. ಅಲ್ಲಿ ಎರಡರ ವೆಚ್ಚವೂ 14,000 ರೂಪಾಯಿ. ಅದಕ್ಕಿಂತ ಕಡಿಮೆ ಪುಟಗಳಿಗೆ ಕಾರ್ಟ್ರಿಜ್ ಅಗ್ಗ, ಹೆಚ್ಚಾದರೆ ಟ್ಯಾಂಕ್ ಅಗ್ಗ. 6,000 ಪುಟಗಳಿಗೆ ಕಾರ್ಟ್ರಿಜ್ 28,000, ಲೇಸರ್ 21,000, ಟ್ಯಾಂಕ್ 15,400 ರೂಪಾಯಿ. ನಕ್ಷಾ ಹಾಳೆಯ ಮೇಲೆ ಮೂರು ರೇಖೆ ಎಳೆದಾಗ, ಮೇಲಿನಿಂದ ಹೊರಟ ರೇಖೆಯೇ ಕಡಿಮೆ ಏರುವುದನ್ನು ಅವರೇ ಗುರುತಿಸಿದರು.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಲೇಸರ್ ಎಲ್ಲೂ ಅಗ್ಗ ಆಗಲೇ ಇಲ್ಲಲ್ರೀ. ಮತ್ತ ಜೆರಾಕ್ಸ್ ಅಂಗಡ್ಯಾಗ ಅದನ್ನ ಯಾಕ ಇಟ್ಟಾರ?” ಎಂದು ಕೇಳಿದ.

ಇಲ್ಲಿಂದ ಪಾಠ ವಿಜ್ಞಾನದ ಕಡೆಗೆ ತಿರುಗಿತು. ಸಮೀಕರಣದಲ್ಲಿ ಬಾರದ ಸಂಗತಿಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ಲೇಸರ್ ಬಳಸುವ ಟೋನರ್ ಪ್ಲಾಸ್ಟಿಕ್ ಬೆರೆತ ಪುಡಿ. ಸ್ಥಾಯಿ ವಿದ್ಯುತ್ತಿನಿಂದ ಅದು ಡ್ರಮ್ಮಿಗೆ ಅಂಟಿ, ಕಾಗದಕ್ಕೆ ಇಳಿದು, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿ ಹಿಡಿಯುತ್ತದೆ. ಹೀಗಾಗಿ ತಿಂಗಳು ಬಿಟ್ಟರೂ ಒಣಗುವ ಮಾತಿಲ್ಲ, ನೀರು ಬಿದ್ದರೂ ಅಕ್ಷರ ಕದಡುವುದಿಲ್ಲ, ವೇಗವೂ ಹೆಚ್ಚು. ಆದರೆ ಆ ಶಾಖಕ್ಕೆ ನೂರಾರು ವ್ಯಾಟ್ ಬೇಕು. ಚಿಕ್ಕ ಯುಪಿಎಸ್ ಅದನ್ನು ತಾಳುವುದಿಲ್ಲ. ಇಂಕ್‌ಜೆಟ್ಟಿಗೆ ಹತ್ತಿಪ್ಪತ್ತು ವ್ಯಾಟ್ ಸಾಕು, ಕರೆಂಟ್ ಹೋದಾಗ ಇನ್ವರ್ಟರ್ ಮೇಲೆ ನಡೆಯುತ್ತದೆ.

ಅನ್ವಯ

ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ ಎಲ್ಲರನ್ನೂ ಸುಮ್ಮನಾಗಿಸಿತು. “ನಮ್ಮವ್ವ ಸಂಘದಾಗ ಸಾಲ ತಗೊಂಡು ಹೊಲಿಗಿ ಅಂಗಡ್ಯಾಗ ಪ್ರಿಂಟ್ ಮಷೀನ್ ಇಡಬೇಕಂತಾಳ್ರಿ. ಎಷ್ಟ್ ಪ್ರಿಂಟ್ ಆದ್ರ ಸಾಲ ತೀರತೈತ್ರಿ?”

ಲೆಕ್ಕವನ್ನು ತರಗತಿಯೇ ಕಟ್ಟಿತು. ಪುಟಕ್ಕೆ 5 ರೂಪಾಯಿ ಬಂದರೆ, ಮಸಿ 40 ಪೈಸೆ, ಕಾಗದ 60 ಪೈಸೆ ಕಳೆದು ಉಳಿಯುವುದು 4 ರೂಪಾಯಿ. 13,000 ರೂಪಾಯಿಗೆ 3,250 ಪುಟ ಬೇಕು. ದಿನಕ್ಕೆ 20 ಪುಟವಾದರೆ 163 ದಿನ, 10 ಆದರೆ 325 ದಿನ. ಬಡ್ಡಿ, ಕರೆಂಟ್ ಬಿಲ್ ಸೇರಿದರೆ ಇನ್ನೂ ಮುಂದೆ ಹೋಗುತ್ತದೆ. ಯಂತ್ರದ ಬೆಲೆಗಿಂತ ದಿನಕ್ಕೆ ಎಷ್ಟು ಪುಟ ಎಂಬುದೇ ಇಲ್ಲಿ ಮುಖ್ಯವೆಂದು ಮಕ್ಕಳೇ ಹೇಳಿದರು. ಎರಡು ವಾರ ಅಂಗಡಿಗೆ ಬಂದು ಪ್ರಿಂಟ್ ಕೇಳಿದವರನ್ನು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಎಣಿಸುವುದೆಂದು ಆ ಹುಡುಗಿ ತೀರ್ಮಾನಿಸಿದಳು. ಎಣಿಕೆ ಮುಗಿಯುವವರೆಗೆ ಸಾಲದ ಅರ್ಜಿ ಕೊಡುವುದಿಲ್ಲವೆಂದು ತಾಯಿ ಒಪ್ಪಿದ್ದನ್ನು ಮರುದಿನ ಬಂದು ಹೇಳಿದಳು.

ಅವಲೋಕನ

ಸಮೀಕರಣ ಉತ್ತರ ಕೊಟ್ಟ ಮೇಲೂ ಪ್ರಶ್ನೆ ಉಳಿಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಈ ಪಾಠದಲ್ಲಿ ಕಂಡರು. ಈ ಪಾಠ ಮಾಡುವ ಸಹಪಾಠಿಗಳಿಗೆ ಒಂದು ಸಲಹೆ: ಪೆಟ್ಟಿಗೆಯ ಮೇಲೆ ಬರೆದ ಪುಟಗಳ ಸಂಖ್ಯೆ ಸಾಮಾನ್ಯವಾಗಿ ಪುಟದ ಸುಮಾರು 5% ಭಾಗಕ್ಕೆ ಮಸಿ ಬೀಳುತ್ತದೆ ಎಂಬ ಲೆಕ್ಕದ್ದು. ಫೋಟೊ ಮುದ್ರಿಸಿದರೆ ಅದು ಬಹಳ ಇಳಿಯುತ್ತದೆ. ಇದನ್ನು ಮೊದಲೇ ತಿಳಿಸಿರಿ.

ಮೌಲ್ಯಮಾಪನ

1. ಕಾರ್ಟ್ರಿಜ್ ಮತ್ತು ಲೇಸರ್ ವೆಚ್ಚ ಎಷ್ಟು ಪುಟಗಳಿಗೆ ಸಮ? (ಉತ್ತರ: 3,200)
2. ವರ್ಷಕ್ಕೆ 300 ಪುಟ ಬೇಕಾದ ಮನೆಗೆ ಯಾವುದು ಸೂಕ್ತ? ಅಂಗಡಿಯಲ್ಲೇ ಪ್ರಿಂಟ್ ತೆಗೆಸುವುದು ಲೇಸೇ? ಲೆಕ್ಕ ಹಾಕಿ ತೋರಿಸಿರಿ.
3. ನಿಮ್ಮ ಶಾಲೆಯ ಕಿರುಪರೀಕ್ಷೆಗಳ ಪ್ರಶ್ನೆಪತ್ರಿಕೆಗಳಿಗೆ ವರ್ಷಕ್ಕೆ ಎಷ್ಟು ಪುಟ ಬೇಕೆಂದು ಎಣಿಸಿ, ಯಂತ್ರ ಆರಿಸಿರಿ.