ನೈಲ್ ತೀರದ ರಕ್ತಮೂತ್ರ ರೋಗ

ನೈಲ್ ನದಿಯು ಈಜಿಪ್ಟಿನ ಜೀವನಾಡಿ. ಆದರೆ ಅದರ ಕಾಲುವೆಗಳ ನೀರಿನಲ್ಲಿಯೇ ಅಲ್ಲಿನ ರೈತನನ್ನು ಸಹಸ್ರಾರು ವರ್ಷ ಕಾಡಿದ ವ್ಯಾಧಿಯೊಂದು ಅಡಗಿದ್ದಿತು. ಮೂತ್ರದೊಡನೆ ರಕ್ತ ಹೋಗುವುದು ಅದರ ಮುಖ್ಯ ಲಕ್ಷಣ. 1851ರಲ್ಲಿ ಕೈರೋ ನಗರದಲ್ಲಿದ್ದ ಜರ್ಮನ್ ವೈದ್ಯ ಥಿಯೋಡೋರ್ ಬಿಲ್‌ಹಾರ್ಜ್ ಶವಪರೀಕ್ಷೆಯ ಸಂದರ್ಭದಲ್ಲಿ ಇದರ ಹುಳುವನ್ನು ಕಂಡುಹಿಡಿದನು. ಆದುದರಿಂದಲೇ ರೋಗಕ್ಕೆ ‘ಬಿಲ್‌ಹಾರ್ಜಿಯಾ’ ಎಂಬ ಹೆಸರು ಬಂದಿತು. 1910ರಲ್ಲಿ ಮಾರ್ಕ್ ಆರ್ಮಂಡ್ ರುಫರ್ ಎಂಬ ವಿದ್ವಾಂಸನು ಸುಮಾರು ಮೂರು ಸಾವಿರ ವರ್ಷ ಹಿಂದಿನ ಮಮ್ಮಿಗಳ ಮೂತ್ರಪಿಂಡಗಳಲ್ಲಿ ಇದೇ ಹುಳುವಿನ ಮೊಟ್ಟೆಗಳನ್ನು ಗುರುತಿಸಿದನು.

ರೋಗ ಹರಡುವ ಕ್ರಮವನ್ನು 1915ರಲ್ಲಿ ಈಜಿಪ್ಟಿನಲ್ಲಿ ವಿಶದಪಡಿಸಿದವನು ಬ್ರಿಟಿಷ್ ವಿಜ್ಞಾನಿ ರಾಬರ್ಟ್ ಲೈಪರ್. ರೋಗಿಯ ಮೂತ್ರದೊಡನೆ ಮೊಟ್ಟೆಗಳು ನೀರಿಗೆ ಬೀಳುತ್ತವೆ. ಅವುಗಳಿಂದ ಹೊರಟ ಮರಿಗಳು ಒಂದು ಜಾತಿಯ ಬಸವನಹುಳುವಿನ ದೇಹವನ್ನು ಹೊಕ್ಕು, ಕೆಲವು ವಾರಗಳಲ್ಲಿ ಸಾವಿರಾರಾಗಿ ವೃದ್ಧಿಹೊಂದಿ ಮತ್ತೆ ನೀರಿಗೆ ಬರುತ್ತವೆ. ಆ ನೀರಿಗಿಳಿದವನ ಚರ್ಮವನ್ನು ಕೊರೆದು ಒಳಸೇರಿ, ಕಡೆಗೆ ಮೂತ್ರಕೋಶದ ಸುತ್ತಲಿನ ರಕ್ತನಾಳಗಳಲ್ಲಿ ನೆಲೆಸುತ್ತವೆ. ಅಂಗಾಂಶದಲ್ಲಿ ಸಿಕ್ಕಿಕೊಂಡ ಮೊಟ್ಟೆಗಳೇ ಗಾಯಕ್ಕೂ ರಕ್ತಸ್ರಾವಕ್ಕೂ ಮೂಲ. ದೀರ್ಘಕಾಲದ ಸೋಂಕು ಮೂತ್ರಕೋಶದ ಕ್ಯಾನ್ಸರಿಗೂ ದಾರಿಯಾಗಬಲ್ಲುದು.

ಇಂತಹ ರೋಗವನ್ನು ನಿರ್ಮೂಲಗೊಳಿಸಲು ಈಜಿಪ್ಟ್ ಸರ್ಕಾರವು 1950ರ ದಶಕದಿಂದ 1980ರ ದಶಕದವರೆಗೆ ಹಳ್ಳಿಹಳ್ಳಿಗಳಲ್ಲಿ ಆಂಟಿಮನಿ ಲವಣದ ಚುಚ್ಚುಮದ್ದನ್ನು ಕೊಡಿಸಿತು. ಉದ್ದೇಶ ಪವಿತ್ರವಾದುದೇ. ಆದರೆ ಜನಸಂದಣಿಯಲ್ಲಿ ಗಾಜಿನ ಪಿಚಕಾರಿಗಳನ್ನೂ ಸೂಜಿಗಳನ್ನೂ ಸರಿಯಾಗಿ ಕುದಿಸದೆ ಒಬ್ಬರಿಂದೊಬ್ಬರಿಗೆ ಬಳಸಲಾಯಿತು. ಅವುಗಳ ಮೂಲಕ ಹರಡಿದ ವೈರಸ್ಸಿಗೆ ಆಗ ಹೆಸರೂ ಇರಲಿಲ್ಲ. 1989ರಲ್ಲಿ ಅದು ‘ಹೆಪಟೈಟಿಸ್ ಸಿ’ ಎಂದು ಗುರುತಿಸಲ್ಪಟ್ಟಿತು. ಮೂತ್ರಕೋಶವನ್ನು ಉಳಿಸಹೋದ ಸೂಜಿಯು ಅಸಂಖ್ಯ ಜನರ ಯಕೃತ್ತನ್ನು ಕೆಡಿಸಿತ್ತು.

ಮುಂದೆ ಪ್ರಾಜಿಕ್ವಾಂಟೆಲ್ ಎಂಬ ನುಂಗುವ ಮಾತ್ರೆ ಬಂದು ಚುಚ್ಚುಮದ್ದು ನಿಂತಿತು. 2018ರಲ್ಲಿ ಆರಂಭವಾದ ರಾಷ್ಟ್ರವ್ಯಾಪಿ ತಪಾಸಣೆಯಲ್ಲಿ ಹೆಪಟೈಟಿಸ್ ಸಿ ರೋಗಿಗಳನ್ನು ಹುಡುಕಿ ಉಚಿತ ಚಿಕಿತ್ಸೆ ನೀಡಲಾಯಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಆ ಸಾಧನೆಯನ್ನು ಮನ್ನಿಸಿತು.

ಆರೋಗ್ಯ ಶಿಬಿರಗಳನ್ನು ನಡೆಸುವ, ಅವುಗಳಿಗೆ ದಾನ ನೀಡುವ ನಾವು ಈ ಚರಿತ್ರೆಯಿಂದ ಕಲಿಯಬೇಕಾದುದುಂಟು. ದಾಸೋಹದಲ್ಲಿ ಎಡೆಮಾಡುವ ಮುನ್ನ ಪಾತ್ರೆಯನ್ನು ಬೆಳಗುತ್ತೇವೆ. ಅನ್ನ ಒಳ್ಳೆಯದೆಂದು ಪಾತ್ರೆಯನ್ನು ಮರೆಯುವುದಿಲ್ಲ. ಔಷಧದ ವಿಷಯದಲ್ಲಿಯೂ ಎಷ್ಟು ಜನರಿಗೆ ಕೊಟ್ಟೆವೆಂಬ ಲೆಕ್ಕದ ಜೊತೆಗೆ, ಎಷ್ಟು ಶುಚಿಯಾಗಿ ಕೊಟ್ಟೆವೆಂಬ ಲೆಕ್ಕವನ್ನೂ ಇಡುವುದು ನಮ್ಮ ಕರ್ತವ್ಯ.