ಭೂ ಬಳಕೆ ನೀತಿ ಮತ್ತು ಸರಕಿನ ಸಂಚಾರ

ಸಂಚಾರ ದಟ್ಟಣೆಗೆ ವಾಹನಗಳ ಹೆಚ್ಚಳವೊಂದೇ ಕಾರಣವೆಂಬುದು ಸಾಮಾನ್ಯ ಅಭಿಪ್ರಾಯ. ವಾಸ್ತವವಾಗಿ ಮನೆ, ಮಳಿಗೆ, ಕಾರ್ಖಾನೆ ಹಾಗೂ ಮಾರುಕಟ್ಟೆಗಳ ಸ್ಥಾನವನ್ನು ನಿರ್ಧರಿಸುವ ಭೂ ಬಳಕೆ ನೀತಿಯೇ ಜನರ ಮತ್ತು ಸರಕಿನ ಓಡಾಟದ ದೂರವನ್ನು ಬಹುಮಟ್ಟಿಗೆ ಗೊತ್ತುಪಡಿಸುತ್ತದೆ.

ಬೆಂಗಳೂರಿನ ಹಳೆಯ ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಪದ್ಧತಿಯಿತ್ತು. ವರ್ತಕನು ವ್ಯಾಪಾರಕ್ಕಾಗಿ ದೂರ ಹೋಗಬೇಕಾಗಿರಲಿಲ್ಲ. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳು ಪ್ರತ್ಯೇಕವಾಗಿ ಬೆಳೆದಂತೆ ಕಾರ್ಮಿಕರ ನಿತ್ಯ ಪ್ರಯಾಣ ಅನಿವಾರ್ಯವಾಯಿತು. ಹೊಗೆ, ಸದ್ದುಗಳಿಂದ ವಸತಿಯನ್ನು ರಕ್ಷಿಸಲು ಇಂತಹ ವಿಂಗಡಣೆ ಅಗತ್ಯವೇ ಸರಿ. ಆದರೆ ಅದರ ವೆಚ್ಚವನ್ನು ರಸ್ತೆ ಮತ್ತು ಬಳಕೆದಾರರು ಭರಿಸುತ್ತಾರೆ.

ಇದೇ ತತ್ತ್ವ ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಂತಹ ಹೋಬಳಿ ಕೇಂದ್ರಕ್ಕೂ ಅನ್ವಯಿಸುತ್ತದೆ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಉಂಡೆ ಕೊಬ್ಬರಿಯು ತೂಕಕ್ಕೆ ಹೋಲಿಸಿದರೆ ಬೆಲೆಯುಳ್ಳ ಸರಕು. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆ ಪ್ರಾಂಗಣದವರೆಗಿನ ಸಾಗಣೆ ವೆಚ್ಚವನ್ನು ಅದು ತಾಳಬಲ್ಲದು. ಖರೀದಿದಾರರೆಲ್ಲರೂ ಒಂದೆಡೆ ಸೇರುವುದರಿಂದ ಸ್ಪರ್ಧೆಯ ಲಾಭವೂ ಉಂಟು. ತೆಂಗಿನ ಮಟ್ಟೆಯ ಸ್ಥಿತಿ ಇದಕ್ಕೆ ವಿರುದ್ಧ. ಅದು ಹಗುರ, ಆದರೆ ಗಾತ್ರ ದೊಡ್ಡದು. ತೂಕದ ಮಿತಿ ತಲಪುವ ಮೊದಲೇ ಲಾರಿ ತುಂಬುತ್ತದೆ. ಆದುದರಿಂದ ನಾರಿನ ಘಟಕ ತೋಟಗಳ ಸಮೀಪವಿದ್ದರೆ ಲಾರಿಗಳ ಸುತ್ತಾಟ ಕಡಿಮೆಯಾಗುತ್ತದೆ. ದೂರವಿದ್ದರೆ ಲಾಭದ ಅಂಶ ಬಾಡಿಗೆಯಲ್ಲಿಯೇ ಕರಗುತ್ತದೆ.

ಘಟಕಕ್ಕೆ ಜಾಗ ಹುಡುಕುವಾಗ ಕೃಷಿ ಜಮೀನಿನ ಪರಿವರ್ತನೆಗೆ ಸಂಬಂಧಿಸಿದ, 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಪ್ರಕರಣವನ್ನು ಗಮನಿಸಬೇಕು. ಹೆದ್ದಾರಿಯಂಚಿನ ನಿವೇಶನ ಆಕರ್ಷಕವೆನಿಸಿದರೂ, ಮಳಿಗೆಗಳೆಲ್ಲ ರಸ್ತೆಗುಂಟ ಸಾಲಾಗಿ ಬೆಳೆದರೆ ಸರಕು ಇಳಿಸುವ ಲಾರಿ, ನಿಂತ ಬಸ್ಸು ಮತ್ತು ಪಾದಚಾರಿಗಳು ಒಂದೇ ಜಾಗಕ್ಕಾಗಿ ಪೈಪೋಟಿ ನಡೆಸುವಂತಾಗುತ್ತದೆ. ರಸ್ತೆಯಿಂದ ಹಿಂದೆ ಸರಿದ ಉಪರಸ್ತೆ ಹಾಗೂ ಲಾರಿ ನಿಲ್ದಾಣಕ್ಕೆ ಜಾಗವನ್ನು ಮೊದಲೇ ಕಾದಿರಿಸುವುದು ಇದಕ್ಕೆ ಪರಿಹಾರ. ಕಟ್ಟಡಗಳು ಎದ್ದ ಮೇಲೆ ರಸ್ತೆ ಅಗಲಗೊಳಿಸುವುದು ಎಲ್ಲರಿಗೂ ನಷ್ಟದ ಕೆಲಸ.

ಸ್ಥಳೀಯ ಯೋಜನಾ ಪ್ರದೇಶವೆಂದು ಘೋಷಿತವಾದ ಪಟ್ಟಣಗಳಲ್ಲಿ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯನ್ವಯ ಮಹಾಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯವನ್ನು ಆಹ್ವಾನಿಸಬೇಕಾಗುತ್ತದೆ. ನಕ್ಷೆಯಲ್ಲಿ ತಮ್ಮ ಗೋದಾಮಿನ ಬಣ್ಣ ಯಾವುದು, ಲಾರಿಯ ದಾರಿ ಎಲ್ಲಿ ಎಂದು ವರ್ತಕರು ಪರಿಶೀಲಿಸಿ, ಲಿಖಿತ ಸಲಹೆಯನ್ನು ಆಗಲೇ ಸಲ್ಲಿಸತಕ್ಕದ್ದು. ಯೋಜನೆ ಅಂತಿಮಗೊಂಡ ನಂತರ ಉಳಿಯುವುದು ದಿನನಿತ್ಯದ ಬಾಡಿಗೆಯ ಹೊರೆ ಮಾತ್ರ.