ದಲಾಲನನ್ನು ಆರಿಸುವ ಬಗೆ



ದುಡಿಯಲೆಂದು ಊರು ಬಿಟ್ಟು ತಳೇಗಾಂವಕ್ಕೆ ಬಂದ ನಮಗೆಲ್ಲ ಒಂದು ದಿನ ಬಾಡಿಗೆಯ ಖೋಲಿ ಸಾಕೆನಿಸುತ್ತದೆ. ಸ್ವಂತದ ಎರಡು ಕೋಣೆ ಇರಲೆಂದು ಭವಿಷ್ಯನಿಧಿಯ ಹಣ ತೆಗೆಯುತ್ತೇವೆ. ಮನೆಯವರ ಬಂಗಾರ ಒತ್ತೆ ಇಡುತ್ತೇವೆ. ಜಾಗ ತೋರಿಸುವ ದಲಾಲರಿಗೇನೂ ಬರವಿಲ್ಲ. ಅವರಲ್ಲಿ ಯೋಗ್ಯರನ್ನು ಗುರುತಿಸುವುದು ಹೇಗೆ? ಈ ಸಲದ ಪಾಠ ಅದೇ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಬ್ಬ ದಲಾಲನು ನನ್ನೊಡನೆ ನಮ್ಮ ಕಡೆಯ ಕನ್ನಡದಲ್ಲಿಯೇ ಮಾತಿಗಿಳಿದ. "ನಾವು ನೀವು ಒಂದೇ ಕಡೆಯವರ್ರೀ, ನಿಮಗ ಮೋಸ ಮಾಡತೀನೇನು?" ಎಂದ. ಒಂದು ಪ್ಲಾಟಿಗೆ ಐವತ್ತು ಸಾವಿರ ರೂಪಾಯಿ ಇಸಾರ ಕೊಟ್ಟೆ. ಪಾವತಿಯೆಂದು ಬಂದದ್ದು ಒಂದು ಬಿಳಿ ಚೀಟಿ. ಆಮೇಲೆ ಉತಾರ ತೆಗೆಸಿ ನೋಡಿದರೆ ಅದು ಹೊಲದ ಜಮೀನು! ಹಣ ಕೇಳಹೋದರೆ ಅವನ ಫೋನು ಬಂದು. ಮಿಲ್ಲಿನಲ್ಲಿ ದಿನವೂ ಪೈಸೆ ಪೈಸೆಗೆ ಲೆಕ್ಕವಿಡುವ ನಾನು, ಅವನ ನೋಂದಣಿ ಸಂಖ್ಯೆಯನ್ನು ಕೇಳಿರಲೇ ಇಲ್ಲ. ಮಾತು ನಂಬಿದೆ, ಕಾಗದ ನೋಡಲಿಲ್ಲ.

ಕಾಯದೆ ಹೇಳುವುದೇನು?

2016ರ ಸ್ಥಿರಾಸ್ತಿ ಕಾಯದೆಗೆ ಜನ 'ರೇರಾ' ಎನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಅದನ್ನು ನಡೆಸುವ ಪ್ರಾಧಿಕಾರವೇ ಮಹಾರೇರಾ. ಕಾಯದೆಯ 9ನೆಯ ಕಲಮಿನಂತೆ, ನೋಂದಾಯಿತ ಯೋಜನೆಯ ಫ್ಲ್ಯಾಟನ್ನಾಗಲಿ ಪ್ಲಾಟನ್ನಾಗಲಿ ಮಾರಿಸಿಕೊಡುವ ದಲಾಲನು ತಾನೂ ನೋಂದಾಯಿಸಿಕೊಂಡಿರಬೇಕು. ತಪ್ಪಿದರೆ ದಿನಕ್ಕೆ ಹತ್ತು ಸಾವಿರ ರೂಪಾಯಿ ದಂಡ. ನೋಂದಣಿಯ ಅವಧಿ ಐದು ವರ್ಷ. ಇದಲ್ಲದೆ, 1 ಜನವರಿ 2024ರಿಂದ ದಲಾಲರು ತರಬೇತಿ ಪಡೆದು, ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಅರ್ಹತಾಪತ್ರ ಹೊಂದಿರಬೇಕೆಂದು ಮಹಾರೇರಾ ಕಡ್ಡಾಯ ಮಾಡಿದೆ.

ಹಾಗಾದರೆ ನಾವು ಮಾಡಬೇಕಾದದ್ದು:

1. ದರ ಕೇಳುವ ಮೊದಲು ಸಂಖ್ಯೆ ಕೇಳಿರಿ. ದಲಾಲನ ಸಂಖ್ಯೆ 'ಎ' ಅಕ್ಷರದಿಂದಲೂ ಯೋಜನೆಯದು 'ಪಿ' ಅಕ್ಷರದಿಂದಲೂ ಆರಂಭವಾಗುತ್ತದೆ. ಎರಡನ್ನೂ ಬರೆದುಕೊಂಡು ಮಹಾರೇರಾದ ಜಾಲತಾಣದಲ್ಲಿ ತಾಳೆ ನೋಡಿರಿ. ಹೆಸರು ಒಂದೇ ಇದೆಯೇ? ಅವಧಿ ಮುಗಿದಿಲ್ಲವಷ್ಟೇ?

2. ಅರ್ಹತಾಪತ್ರ ತೋರಿಸಲು ಹೇಳಿರಿ. ಯೋಗ್ಯನು ಸಿಟ್ಟಾಗುವುದಿಲ್ಲ.

3. ದಲಾಲಿ ಎಷ್ಟು, ಯಾವಾಗ ಕೊಡಬೇಕು ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ. ಈ ಕಾಯದೆ ಅದಕ್ಕೆ ದರ ಗೊತ್ತುಮಾಡಿಲ್ಲ.

4. ಜಾಗದ ಹಣವನ್ನು ದಲಾಲನ ಕೈಗೆ ಕೊಡಬೇಡಿರಿ. ಬ್ಯಾಂಕಿನ ಮೂಲಕ ಮಾರುವವರಿಗೇ ಸಲ್ಲಿಸಿರಿ. ನೋಂದಾಯಿತ ಕರಾರುಪತ್ರವಾಗುವ ಮೊದಲು ಬಿಲ್ಡರನು ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಪಡೆಯುವಂತಿಲ್ಲ (13ನೆಯ ಕಲಮು).

5. ಪ್ಲಾಟಾದರೆ ಸಾತ್‌ಬಾರಾ ಉತಾರ, ಫೇರಫಾರ, ಎನ್.ಎ. ಕಾಗದ ಇವನ್ನು ನೀವೇ ನೋಡಿರಿ. ಉತಾರದ 'ಇತರ ಅಧಿಕಾರ' ಎಂಬ ಅಂಕಣದಲ್ಲಿ ಸಾಲದ ಬೋಜಾ ಕಾಣುತ್ತದೆ. ಒಕ್ಕಲುತನದವರಲ್ಲದವರು ಮಹಾರಾಷ್ಟ್ರದಲ್ಲಿ ಅನುಮತಿಯಿಲ್ಲದೆ ಹೊಲ ಕೊಳ್ಳಲು ಬರುವುದಿಲ್ಲ. ಕರ್ನಾಟಕದಲ್ಲಿ ಈ ನಿರ್ಬಂಧವನ್ನು 2020ರಲ್ಲಿ ತೆಗೆದರು. ಅದೇ ನಿಯಮ ಇಲ್ಲಿಯೂ ಉಂಟೆಂದು ಬಗೆದು ಮೋಸಹೋಗಬಾರದು.

ಒಂದು ಎಚ್ಚರಿಕೆ. ಜಾಗ 500 ಚದರ ಮೀಟರು ಮೀರದಿದ್ದರೆ, ಇಲ್ಲವೆ ಮನೆಗಳು ಎಂಟನ್ನು ಮೀರದಿದ್ದರೆ, ಯೋಜನೆಯ ನೋಂದಣಿ ಕಡ್ಡಾಯವಲ್ಲ. ಒಬ್ಬರು ವಾಸವಾಗಿದ್ದ ಹಳೆಯ ಫ್ಲ್ಯಾಟಿನ ಮಾರಾಟಕ್ಕೂ ಈ ಕಾಯದೆಯ ಆಸರೆ ಸಾಮಾನ್ಯವಾಗಿ ಸಿಗದು. ಅಂಥಲ್ಲಿ ವಕೀಲರಿಂದ ಕಾಗದಪತ್ರ ತಪಾಸಣೆ ಮಾಡಿಸುವುದು ಇನ್ನೂ ಅಗತ್ಯ. ಆ ಖರ್ಚು ನನ್ನ ಐವತ್ತು ಸಾವಿರಕ್ಕಿಂತ ಬಹಳ ಕಡಿಮೆ!

ನೋಂದಣಿ ಇದ್ದವರೆಲ್ಲ ಪ್ರಾಮಾಣಿಕರೆಂದು ನಾನು ಹೇಳಲಾರೆ. ಆದರೆ ಅಂಥವರು ತಪ್ಪಿದರೆ ಮಹಾರೇರಾದಲ್ಲಿ ದೂರು ಕೊಡಲು ಹೆಸರು, ವಿಳಾಸ, ಸಂಖ್ಯೆ ನಮ್ಮ ಕೈಯಲ್ಲಿರುತ್ತವೆ. ಬಿಳಿ ಚೀಟಿಯವನನ್ನು ಎಲ್ಲಿ ಹುಡುಕುವುದು? ನಮ್ಮ ಭಾಷೆಯವರು ಸಿಕ್ಕರೆ ಸಂತೋಷವಾಗಿ ಚಹಾ ಕುಡಿಯೋಣ; ಇಸಾರವನ್ನು ಮಾತ್ರ ಕಾಗದ ನೋಡಿಯೇ ಕೊಡೋಣ.

ಜಾಲತಾಣ ನೋಡಲು ಬಾರದವರು ಸಂಖ್ಯೆ ಬರೆದುಕೊಂಡು ರವಿವಾರ ಸಂಜೆ ವಾಚನಾಲಯಕ್ಕೆ ಬರಬೇಕು. ನಾನು ಅಲ್ಲಿಯೇ ಇರುತ್ತೇನೆ, ಕೂಡಿ ನೋಡೋಣ. ಆದರೆ ಇಸಾರ ಕೊಡುವ ಮೊದಲು ಬನ್ನಿರಿ, ಕೊಟ್ಟ ಮೇಲೆ ಅಲ್ಲ.